ಬಾಲ್ಯಮಿತ್ರನೆಂಬ ಸಾಕ್ಷಿ

ಐವತ್ತು ಅರುವತ್ತು ವರ್ಷಗಳ ಹಿಂದೆ ಒಂದೇ ಪಾಠಶಾಲೆಯಲ್ಲಿ ಕುಳಿತು ಮಗ್ಗಿ ಒಪ್ಪಿಸಿದವರು, ಉದ್ಯೋಗ ವಿವಾಹಾದಿ ಕಾರಣಗಳಿಂದ ದಿಕ್ಕುದಿಕ್ಕಿಗೆ ಚೆದುರಿಹೋಗಿ, ನೌಕರಿಯಿಂದ ನಿವೃತ್ತರಾಗಿ, ಮಕ್ಕಳ ಮದುವೆಗಳನ್ನು ಮುಗಿಸಿ, ತಲೆ ನರೆತ ಮೇಲೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಒಂದೆಡೆ ಸೇರುವುದು ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಊರೂರಿನಲ್ಲಿಯೂ ಕಂಡುಬರುತ್ತಿರುವ ಸಂಗತಿ. ಗುರುವಂದನೆಯೆಂಬ ಹೆಸರಿನಲ್ಲಿ, ಬದುಕಿರುವ ಮೇಷ್ಟರಿಗೆ ಶಾಲು ಹೊದಿಸಿ, ಹಳೆಯ ಶಾಲೆಯ ಅಂಗಳದಲ್ಲಿ ಭಾವಚಿತ್ರ ತೆಗೆಸಿಕೊಂಡು, ಒಟ್ಟಿಗೆ ಊಟಮಾಡಿ ಹೊರಡುವ ಈ ಸಮಾವೇಶಗಳ ವಿಷಯದಲ್ಲಿ ನನಗೆ ತಿರಸ್ಕಾರವಿಲ್ಲ. ನಾನೂ ಅಂಥವುಗಳಲ್ಲಿ ಭಾಗಿಯಾಗಿದ್ದೇನೆ, ಸಂತೋಷಪಟ್ಟಿದ್ದೇನೆ. ನನ್ನ ಆಕ್ಷೇಪವಿರುವುದು ಆ ಸಂತೋಷದ ಮೇಲಲ್ಲ, ಅದಕ್ಕೆ ನಾವು ಕೊಟ್ಟುಕೊಳ್ಳುತ್ತಿರುವ ವಿವರಣೆಯ ಮೇಲೆ. ಸಂತೋಷವು ಸತ್ಯವಾಗಿದ್ದು ಅದರ ವಿವರಣೆಯು ತಪ್ಪಾಗಿರುವುದು ಅಸಾಧ್ಯವಲ್ಲ. ವಿವರಣೆ ತಪ್ಪಾದಾಗ ಆ ಸಂತೋಷದ ಜೊತೆಗೆ ದೊರೆಯಬಹುದಾಗಿದ್ದ, ಅದಕ್ಕಿಂತ ಹೆಚ್ಚು ಬೆಲೆಯುಳ್ಳ ಫಲವೊಂದು ನಮ್ಮ ಕೈತಪ್ಪಿಹೋಗುತ್ತದೆಂಬುದು ನನ್ನ ವಾದ.

ಪ್ರಚಲಿತವಾದ ಅಭಿಪ್ರಾಯವನ್ನು ಅದಕ್ಕೆ ಅನ್ಯಾಯವಾಗದಂತೆ ಮೊದಲು ನಿರೂಪಿಸಬೇಕು. ಅದನ್ನು ಬಿಡಿಸಿ ನೋಡಿದರೆ ಒಂದರ ಮೇಲೊಂದು ನಿಂತ ಮೂರು ಮಾತುಗಳು ಸಿಕ್ಕುತ್ತವೆ:

1. ಬಾಲ್ಯದ ಸ್ನೇಹವು ನಿಷ್ಕಾರಣವಾದದ್ದು. ಕಾರಣದಿಂದ ಹುಟ್ಟದಿರುವುದು ಕಾರಣ ತಪ್ಪಿದಾಗ ಸಾಯುವ ಸಂಭವವಿಲ್ಲ. ಆದಕಾರಣ ಎಷ್ಟು ವರ್ಷಗಳು ಕಳೆದರೂ ಅದು ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತದೆ.

2. ಪದವಿ, ಧನ, ಪ್ರತಿಷ್ಠೆಗಳು ಬಂದು ಅಂಟಿಕೊಳ್ಳುವುದಕ್ಕೆ ಮೊದಲು ಇದ್ದವನೇ ನಿಜವಾದ ನಾನು. ಅವನನ್ನು ಕಂಡವರು ಬಾಲ್ಯಮಿತ್ರರು ಮಾತ್ರ.

3. ಆದ್ದರಿಂದ ಮುಪ್ಪಿನಲ್ಲಿ ಅವರನ್ನು ಕೂಡುವುದೆಂದರೆ ಕಳೆದುಹೋದ ನಮ್ಮನ್ನು ನಾವೇ ಮರಳಿ ಪಡೆಯುವುದು.

ಈ ಅಭಿಪ್ರಾಯದ ಬಲವೆಲ್ಲ ಅಡಗಿರುವುದು ನಮ್ಮ ಭಾಷೆಯ ಒಂದು ಲಕ್ಷಣದಲ್ಲಿ. ಎಪ್ಪತ್ತು ದಾಟಿದವನನ್ನು ಏಕವಚನದಲ್ಲಿ ಕರೆಯುವವರು ಯಾರಿರುತ್ತಾರೆ? ತಂದೆತಾಯಿಗಳಿಲ್ಲ, ಅಣ್ಣ ಅಕ್ಕಂದಿರು ಒಬ್ಬೊಬ್ಬರಾಗಿ ಹೋಗಿದ್ದಾರೆ. ಮಕ್ಕಳು, ಸೊಸೆಯಂದಿರು, ನೆರೆಯವರು, ಅಂಗಡಿಯವರು ಎಲ್ಲರಿಗೂ ಅವನು ‘ನೀವು’. ಹೀಗೆ ನಾಲ್ಕೂ ಕಡೆಯಿಂದ ಬಹುವಚನದ ಬೇಲಿ ಕಟ್ಟಿಕೊಂಡಿರುವಾಗ, ಯಾವನೋ ಒಬ್ಬನು ಬಾಗಿಲಲ್ಲಿ ನಿಂತು “ಏನ್ಲೋ, ಗುರುತು ಸಿಕ್ಕಲಿಲ್ವೇನೋ?” ಎಂದರೆ ಆ ಒಂದು ‘ಲೋ’ಕಾರದಲ್ಲಿ ಎದೆಯ ಅರ್ಧ ಶತಮಾನದ ಭಾರ ಇಳಿದಂತಾಗುವುದು ಸುಳ್ಳಲ್ಲ. ಈ ಅನುಭವವನ್ನು ಅಲ್ಲಗಳೆಯುವ ವಾದ ಯಾವುದೇ ಆಗಲಿ, ಅದು ನನಗೂ ಒಪ್ಪಿಗೆಯಿಲ್ಲ. ಆದರೆ ಅನುಭವ ಬೇರೆ, ಅದರಿಂದ ತೆಗೆದ ತೀರ್ಮಾನ ಬೇರೆ.

ಮೊದಲನೆಯ ಮಾತನ್ನು ತೆಗೆದುಕೊಳ್ಳೋಣ. ಬಾಲ್ಯಸ್ನೇಹಕ್ಕೆ ಕಾರಣವಿಲ್ಲವೆನ್ನುವುದು ನಿಜವಲ್ಲ. ಅದಕ್ಕೆ ಕಾರಣವುಂಟು, ಆ ಕಾರಣವನ್ನು ನಾವು ಆರಿಸಿಕೊಂಡದ್ದಿಲ್ಲ, ಅಷ್ಟೆ. ಒಂದೇ ಓಣಿ, ಒಂದೇ ವಯಸ್ಸು, ಒಂದೇ ತರಗತಿ, ಮನೆಗೆ ಹೋಗುವ ದಾರಿ ಒಂದೇ: ಇವೇ ಕಾರಣಗಳು. ತಂದೆಗೆ ಬೇರೆ ಊರಿಗೆ ವರ್ಗವಾದೊಡನೆ ಅತ್ತು ಕರೆದು ಹೊರಟ ಹುಡುಗನು ಮೂರು ತಿಂಗಳೊಳಗಾಗಿ ಹೊಸ ಓಣಿಯಲ್ಲಿ ಹೊಸ ಗೆಳೆಯನನ್ನು ಕಂಡುಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಕಾರಣವು ಸಾಮೀಪ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಕೇವಲ ಪ್ರಾಚೀನತೆಯೇ ಸ್ನೇಹಕ್ಕೆ ಅಧಿಕಾರವನ್ನು ಕೊಡುವುದಾದರೆ, ನಮ್ಮನ್ನು ಎತ್ತಿ ಆಡಿಸಿದ ದಾದಿಯರಿಗೂ ಶಾಲೆಗೆ ಕರೆದೊಯ್ಯುತ್ತಿದ್ದ ಆಳುಗಳಿಗೂ ನಮ್ಮ ಪ್ರೀತಿಯ ಮೇಲೆ ಎಲ್ಲರಿಗಿಂತ ಮಿಗಿಲಾದ ಹಕ್ಕು ಬರಬೇಕಾಗುತ್ತದೆಂದು, ಕ್ರಿ.ಪೂ. 44ರಲ್ಲಿ ರಚಿತವಾದ ತನ್ನ ಸ್ನೇಹವಿಷಯಕ ಸಂವಾದದಲ್ಲಿ ರೋಮಿನ ಸಿಸಿರೋ ಎತ್ತಿದ ಆಕ್ಷೇಪಕ್ಕೆ ಉತ್ತರ ಹೇಳುವುದು ಸುಲಭವಲ್ಲ. ಅವರನ್ನು ಮರೆಯಬಾರದು, ಆದರೆ ಅವರಿಗೆ ಸಲ್ಲತಕ್ಕ ಗೌರವ ಬೇರೆ ಬಗೆಯದು ಎಂದು ಅವನೇ ಸೇರಿಸುತ್ತಾನೆ. ಅವನಿಗಿಂತ ಮೂರು ಶತಮಾನಗಳಷ್ಟು ಹಿಂದೆ ಅರಿಸ್ಟಾಟಲನು ಇದೇ ಸಮಸ್ಯೆಯನ್ನು ಮುಟ್ಟಿದ್ದನು: ಇಬ್ಬರು ಗೆಳೆಯರಲ್ಲಿ ಒಬ್ಬನು ಬುದ್ಧಿಯಲ್ಲಿ ಬಾಲಕನಾಗಿಯೇ ಉಳಿದು ಇನ್ನೊಬ್ಬನು ಪ್ರೌಢನಾದರೆ, ಒಬ್ಬನಿಗೆ ಹಿತವಾದದ್ದು ಇನ್ನೊಬ್ಬನಿಗೆ ಹಿತವಾಗದಿರುವಾಗ, ಅವರು ಹೇಗೆ ಮಿತ್ರರಾಗಿಯೇ ಇದ್ದಾರು? ಆದರೂ ಹಿಂದಿನ ಒಡನಾಟದ ನೆನಪಿಗಾಗಿ ಅಪರಿಚಿತನಿಗಿಂತ ಹೆಚ್ಚಾದದ್ದೇನನ್ನೋ ಅವನಿಗೆ ಸಲ್ಲಿಸಬೇಕೆಂದು ಅವನ ನಿರ್ಣಯ. ಆ ‘ಹೆಚ್ಚಾದದ್ದು’ ಏನೆಂಬುದನ್ನು ಅವನು ವಿವರಿಸಲಿಲ್ಲ. ನನ್ನ ಈ ಲೇಖನವು ಒಂದು ರೀತಿಯಲ್ಲಿ ಅದರ ಹುಡುಕಾಟ.

ಇಲ್ಲಿಯೇ ಇನ್ನೊಂದು ಗೊಂದಲವನ್ನು ತಿಳಿಮಾಡಬೇಕು. ಜೀವನವುದ್ದಕ್ಕೂ ಜೊತೆಯಾಗಿಯೇ ನಡೆದುಬಂದ ಬಾಲ್ಯಮಿತ್ರರಿದ್ದಾರೆ. ನಡುವೆ ನಾಲ್ಕೈದು ದಶಕಗಳ ಅಗಲಿಕೆಯಾಗಿ ಮುಪ್ಪಿನಲ್ಲಿ ಮರಳಿ ಕೂಡಿದವರಿದ್ದಾರೆ. ಮೊದಲಿನವರ ಸ್ನೇಹ ಉಳಿದದ್ದು ಅದು ಬಾಲ್ಯದಲ್ಲಿ ಹುಟ್ಟಿತೆಂಬುದರಿಂದಲ್ಲ. ಪ್ರತಿವರ್ಷವೂ ಯಾರೋ ಅದಕ್ಕೆ ನೀರೆರೆದದ್ದರಿಂದ. ಇದನ್ನು ನಮ್ಮ ಹೆಣ್ಣುಮಕ್ಕಳ ಬಾಳು ಗಂಡಸರ ಬಾಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. 1929ರ ಬಾಲ್ಯವಿವಾಹ ನಿರ್ಬಂಧ ಶಾಸನವು ಹೆಣ್ಣಿನ ಮದುವೆಗೆ ಗೊತ್ತುಮಾಡಿದ ಕನಿಷ್ಠ ವಯಸ್ಸು 14; 1949ರಲ್ಲಿ ಅದು 15 ಆಯಿತು; 18 ಆದದ್ದು 1978ರಲ್ಲಿ. ಶಾಸನವಿದ್ದಷ್ಟು ಮಾತ್ರಕ್ಕೆ ಆಚರಣೆ ಬದಲಾಗಲಿಲ್ಲವೆಂಬುದನ್ನು ಬಿಟ್ಟರೂ, ಇಂದು ಎಪ್ಪತ್ತೈದು ಎಂಬತ್ತರ ಪ್ರಾಯದಲ್ಲಿರುವ ಎಷ್ಟೋ ಮಂದಿ ಹೆಂಗಸರಿಗೆ ಬಾಲ್ಯದ ಗೆಳತಿಯರು ತಪ್ಪಿಹೋದದ್ದು ಬಾಲ್ಯವು ಮುಗಿಯುವ ಮೊದಲೇ. ಆದರೂ ಅವರಲ್ಲಿ ಹಲವರ ಗೆಳೆತನ ಉಳಿಯಿತು. ಏಕೆಂದರೆ ಉತ್ತರ ಕರ್ನಾಟಕದಲ್ಲಿ ಪಂಚಮಿಗೆ, ಹಳೆಯ ಮೈಸೂರಿನ ಕಡೆ ಗೌರಿಹಬ್ಬಕ್ಕೆ, ಊರ ಜಾತ್ರೆಗೆ, ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ಪದ್ಧತಿಯಿತ್ತು; ಒಂದೇ ದಿನ ಊರಿನ ಹೆಣ್ಣುಮಕ್ಕಳೆಲ್ಲ ಬಂದು ಸೇರಿ, ಅದೇ ಜೋಕಾಲಿಯಲ್ಲಿ ಕುಳಿತು, ವರ್ಷದ ಸುಖದುಃಖವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ತಂದೆತಾಯಿ ತೀರಿಕೊಂಡು ತವರಿನ ಬಾಗಿಲು ಅಣ್ಣತಮ್ಮಂದಿರ ಕೈಗೆ ಹೋಗಿ, ಕರೆಯುವವರಿಲ್ಲದಾದ ವರ್ಷದಿಂದ ಆ ಗೆಳೆತನಗಳೂ ಬತ್ತತೊಡಗಿದವು. ಸ್ನೇಹವು ತಾನಾಗಿ ಕಾಪಾಡಿಕೊಂಡು ಬರುವ ವಸ್ತುವಾಗಿದ್ದರೆ ಈ ಕರೆಗೂ ಅದರ ಬಾಳಿಕೆಗೂ ಇಷ್ಟು ನೇರವಾದ ಸಂಬಂಧವಿರುತ್ತಿರಲಿಲ್ಲ.

ಹಾಗಾದರೆ ಅಗಲಿ ಕೂಡಿದವರಿಗೆ, ಬಿಟ್ಟಲ್ಲಿಂದಲೇ ಮಾತು ಮುಂದುವರಿಯಿತೆಂದು ತೋರುವುದೇಕೆ? ಮುಂದುವರಿಯುವುದು ಮಾತೇ ಹೊರತು ಸ್ನೇಹವಲ್ಲವೆಂಬುದು ನನ್ನ ಉತ್ತರ. ಮೊದಲ ದಿನದ ಸಂಭಾಷಣೆಗೆ ಸಾಮಗ್ರಿ ಸಿದ್ಧವಾಗಿರುತ್ತದೆ: ಮೇಷ್ಟರ ಬೆತ್ತ, ಕೆರೆಯ ಈಜು, ಅಡ್ಡಹೆಸರುಗಳು. ಎರಡನೆಯ ಭೇಟಿಗೂ ಅದು ಸಾಲುತ್ತದೆ. ನಾಲ್ಕನೆಯ ಭೇಟಿಗೆ ಅದೇ ಕಥೆಗಳು ಅದೇ ಕ್ರಮದಲ್ಲಿ ಬಂದಾಗ ಇಬ್ಬರಿಗೂ ಒಳಗೊಳಗೇ ಒಂದು ಬೇಸರ ಹುಟ್ಟುತ್ತದೆ. ಒಬ್ಬರಿಗೊಬ್ಬರು ಅದನ್ನು ಹೇಳಿಕೊಳ್ಳುವುದಿಲ್ಲ. ಅಲ್ಲಿಗೆ ಎಷ್ಟೋ ಪುನರ್ಮಿಲನಗಳು ಸದ್ದಿಲ್ಲದೆ ಮುಗಿಯುತ್ತವೆ, ಮುಗಿದುದಕ್ಕೆ ಕಾಲವನ್ನೋ ದೂರವನ್ನೋ ಮಂಡಿನೋವನ್ನೋ ಕಾರಣವೆಂದು ಹೇಳಿಕೊಳ್ಳುತ್ತೇವೆ.

ಎರಡನೆಯ ಮಾತು ಹೆಚ್ಚು ಆಳವಾದದ್ದು, ಹೆಚ್ಚು ಅಪಾಯಕರವಾದದ್ದು ಕೂಡ. ನಮ್ಮ ವೇದಾಂತಶಾಸ್ತ್ರದಲ್ಲಿ ಪ್ರತ್ಯಭಿಜ್ಞೆಗೆ ಒಂದು ಪ್ರಸಿದ್ಧ ಉದಾಹರಣೆಯುಂಟು: ಎಂದೋ ಎಲ್ಲಿಯೋ ಕಂಡಿದ್ದ ದೇವದತ್ತನನ್ನು ಇಂದು ಇಲ್ಲಿ ಕಂಡು ‘ಆ ದೇವದತ್ತನೇ ಈತನು’ ಎನ್ನುತ್ತೇವೆ. ‘ಆ’ ಎಂಬುದರಲ್ಲಿರುವ ಹಿಂದಿನ ದೇಶಕಾಲಗಳಿಗೂ ‘ಈ’ ಎಂಬುದರಲ್ಲಿರುವ ಇಂದಿನ ದೇಶಕಾಲಗಳಿಗೂ ಐಕ್ಯವಾಗದ ಕಾರಣ, ವಿರುದ್ಧವಾದ ಆ ಭಾಗಗಳನ್ನು ತ್ಯಜಿಸಿ ಉಳಿದ ದೇವದತ್ತನೆಂಬ ವ್ಯಕ್ತಿಯನ್ನಷ್ಟೇ ಗ್ರಹಿಸಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ಅವರ ಪ್ರಯೋಜನಕ್ಕೆ ಅದು ಸರಿ. ಅವರು ಜೀವಬ್ರಹ್ಮರ ಐಕ್ಯವನ್ನು ಸಾಧಿಸಹೊರಟವರು. ಆದರೆ ಪ್ರಚಲಿತ ಅಭಿಪ್ರಾಯದವರು ಇದೇ ಕತ್ತರಿಯನ್ನು ಸ್ನೇಹಕ್ಕೂ ಹಿಡಿಯುತ್ತಾರೆ, ಅದೂ ಅರ್ಧವಾಗಿ. ಅವರು ಇಂದಿನ ದೇಶಕಾಲವನ್ನು ಮಾತ್ರ ಕತ್ತರಿಸಿ ಹಾಕಿ, ಅಂದಿನದನ್ನು ಹಾಗೆಯೇ ಇಟ್ಟುಕೊಳ್ಳುತ್ತಾರೆ. ಎದುರಿಗೆ ಕುಳಿತಿರುವ ಎಪ್ಪತ್ತರ ಮನುಷ್ಯನು ಹೊಲ ಕಳೆದುಕೊಂಡು ಮರಳಿ ಸಂಪಾದಿಸಿರಬಹುದು, ಮಗನನ್ನು ಮಣ್ಣು ಮಾಡಿರಬಹುದು, ನಂಬಿಕೆಯೊಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿರಬಹುದು. ಇವೆಲ್ಲವೂ ಅಂಟಿಕೊಂಡ ಧೂಳು, ಒರೆಸಿದರೆ ಒಳಗೆ ಹನ್ನೆರಡರ ಹುಡುಗನಿದ್ದಾನೆ ಎನ್ನುವುದು ಪ್ರೀತಿಯ ಮಾತಿನಂತೆ ಕೇಳಿಸಿದರೂ, ಅವನು ಸ್ವಂತ ಪ್ರಯತ್ನದಿಂದ ಆದದ್ದೆಲ್ಲವನ್ನೂ ತೆಗೆದುಹಾಕಿ, ಹುಟ್ಟು ಮತ್ತು ನೆರೆಹೊರೆಗಳು ಅವನನ್ನು ಏನು ಮಾಡಿದ್ದವೋ ಅದನ್ನು ಮಾತ್ರ ನಿಜವೆಂದಂತಾಗುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ನಾವು ಪ್ರತಿಷ್ಠೆಯಿಲ್ಲದವರಾಗಿದ್ದೆವು, ದಿಟ. ಪರೀಕ್ಷೆಗೆ ಒಳಗಾಗದವರೂ ಆಗಿದ್ದೆವು. ಲಂಚದ ಹಣವನ್ನು ಮುಟ್ಟದ ಬಾಲಕನಲ್ಲಿ ಅದು ಗುಣವಲ್ಲ, ಅವಕಾಶದ ಅಭಾವ. ಮೂವತ್ತು ವರ್ಷ ಕಚೇರಿಯಲ್ಲಿದ್ದು ಮುಟ್ಟದವನಲ್ಲಿ ಅದು ಗುಣ. ಆ ಗುಣವನ್ನು ಕಂಡವನು ಬಾಲ್ಯಮಿತ್ರನಲ್ಲ, ಪಕ್ಕದ ಮೇಜಿನ ಗುಮಾಸ್ತ.

ಏಕವಚನದ ವಾದಕ್ಕೆ ಇಲ್ಲಿ ಉತ್ತರ ಹೇಳಬೇಕು. ಅದು ಪದವಿಯ ಅಂತರವನ್ನು ಅಳಿಸುತ್ತದೆ, ಸಮಾನತೆಯನ್ನು ಮರಳಿ ಕೊಡುತ್ತದೆ ಎನ್ನುತ್ತಾರೆ. ಅಂದಿನ ಶಾಲೆಯಲ್ಲಿ ಸಮಾನತೆಯಿತ್ತೆ? ಅಂಬೇಡ್ಕರರು ತಮ್ಮ ಬಾಲ್ಯದ ಶಾಲೆಯ ವಿಷಯವಾಗಿ ದಾಖಲಿಸಿರುವುದು ಎಲ್ಲರಿಗೂ ತಿಳಿದದ್ದು: ಕುಳಿತುಕೊಳ್ಳುವುದಕ್ಕೆ ಗೋಣಿತಟ್ಟನ್ನು ಮನೆಯಿಂದಲೇ ತರಬೇಕಾಗಿತ್ತು, ಜವಾನನು ನಲ್ಲಿಯನ್ನು ತಿರುಗಿಸದ ದಿನ ಅವರಿಗೆ ಕುಡಿಯಲು ನೀರಿಲ್ಲ. ಅದು ಮುಂಬಯಿ ಪ್ರಾಂತದ ಸಾತಾರಾ ಆದರೂ ನಮ್ಮ ಹಳ್ಳಿಗಳು ಬೇರೆಯಾಗಿರಲಿಲ್ಲ. ಸಂವಿಧಾನದ 17ನೆಯ ವಿಧಿಯು 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿದ ಮೇಲೆ ಕೂಡ, ನೀರಿನ ಹಂಡೆಯಿಂದ ದೂರ ನಿಂತು ಬೊಗಸೆಯೊಡ್ಡಿದ ಸಹಪಾಠಿಗಳು ನಮ್ಮ ತಲೆಮಾರಿನವರಿಗೆ ಇದ್ದರು. ಅವರನ್ನು ನಾವು ‘ಲೋ’ ಎಂದೆವು. ಅವರು ನಮ್ಮಲ್ಲಿ ಕೆಲವರನ್ನು ಹತ್ತು ವರ್ಷದ ಪ್ರಾಯದಲ್ಲಿಯೇ ‘ಬುದ್ಧಿ’, ‘ಗೌಡ್ರೇ’, ‘ಸ್ವಾಮಿ’ ಎಂದರು. ಒಂದು ಕಡೆಯಿಂದ ಮಾತ್ರ ಹರಿದ ಏಕವಚನಕ್ಕೆ ಸಲಿಗೆಯೆಂಬ ಹೆಸರು ಸಲ್ಲದು. ‘ಅಂದು ನಾವೆಲ್ಲ ಒಂದೇ ಆಗಿದ್ದೆವು’ ಎಂದು ಪುನರ್ಮಿಲನದ ವೇದಿಕೆಯ ಮೇಲೆ ಗದ್ಗದಿತರಾಗಿ ನುಡಿಯುವವರು, ಆ ಮಾತನ್ನು ಕೇಳುತ್ತ ಸುಮ್ಮನೆ ಕುಳಿತವನ ಮುಖವನ್ನೂ, ಆಮಂತ್ರಣ ತಲುಪಿದರೂ ಬಾರದವನ ಖಾಲಿ ಕುರ್ಚಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು. ಬಾಲ್ಯಕ್ಕೆ ಮರಳುವುದು ಎಲ್ಲರಿಗೂ ಸುಖವಲ್ಲ. ಅದನ್ನು ದಾಟಿಬರುವುದಕ್ಕೆ ಇಡೀ ಆಯುಸ್ಸನ್ನು ವೆಚ್ಚಮಾಡಿದವರು ನಮ್ಮ ಸಾಲಿನಲ್ಲಿಯೇ ಇದ್ದಾರೆ.

ಹೀಗೆ ಎರಡು ಕಂಬಗಳೂ ಬಿದ್ದ ಮೇಲೆ ಮೂರನೆಯ ಮಾತು ತಾನಾಗಿ ನಿಲ್ಲಲಾರದು. ಆದರೂ ಅದರೊಳಗೆ ಒಂದು ಸತ್ಯದ ಅಂಶವಿದೆ, ಅದನ್ನು ಬೇರ್ಪಡಿಸಿಕೊಳ್ಳಬೇಕು. ಮುದುಕನಿಗೆ ಬಾಲ್ಯವೆಂಬುದು ಬಹುಮಟ್ಟಿಗೆ ನೆನಪು. ನೆನಪು ಎಷ್ಟು ನಂಬಲರ್ಹವಾದದ್ದು? ನೈಯಾಯಿಕರು ಸ್ಮೃತಿಯನ್ನು ಪ್ರಮಾಣಗಳ ಸಾಲಿಗೆ ಸೇರಿಸಲಿಲ್ಲ. ಕೇಂಬ್ರಿಜ್ಜಿನ ಬಾರ್ಟ್ಲೆಟ್ ಎಂಬ ಮನಶ್ಶಾಸ್ತ್ರಜ್ಞನು 1932ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಅದನ್ನು ಅವರು ಮರಳಿ ಮರಳಿ ಹೇಳಿದಂತೆಲ್ಲ ಅಪರಿಚಿತವಾದ ವಿವರಗಳು ಉದುರಿಹೋಗಿ ಕಥೆಯು ಅವರವರ ಬುದ್ಧಿಗೆ ಒಗ್ಗುವಂತೆ ತಿದ್ದಿಕೊಳ್ಳಲ್ಪಟ್ಟುದನ್ನು ತೋರಿಸಿದನು. ನೆನೆಯುವುದೆಂದರೆ ಪೆಟ್ಟಿಗೆಯಿಂದ ತೆಗೆಯುವುದಲ್ಲ, ಪ್ರತಿಸಾರಿಯೂ ಕಟ್ಟುವುದು. ನಮ್ಮ ಬಾಲ್ಯದ ಕಥೆಗಳನ್ನು ನಾವು ಹೆಂಡತಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ ನೂರು ಬಾರಿ ಹೇಳಿದ್ದೇವೆ. ಕೇಳಿದವರಲ್ಲಿ ಒಬ್ಬರಾದರೂ ‘ಅದು ಹಾಗಲ್ಲ’ ಎನ್ನಬಲ್ಲವರಲ್ಲ, ಏಕೆಂದರೆ ಅವರಲ್ಲಿ ಯಾರೂ ಅಲ್ಲಿರಲಿಲ್ಲ. ಐವತ್ತು ವರ್ಷಗಳ ಕಾಲ ಪ್ರತಿವಾದಿಯಿಲ್ಲದೆ ನಡೆದ ಮೊಕದ್ದಮೆಯಲ್ಲಿ ತೀರ್ಪು ಯಾರ ಕಡೆಗೆ ಆಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ತರ್ಕಕ್ಕೆ ಅವಶ್ಯವಾದಷ್ಟು ಮಾತ್ರ ಒಂದು ಸ್ವಂತ ಸಂಗತಿಯನ್ನು ಹೇಳುತ್ತೇನೆ. ಶಾಲೆಯಲ್ಲಿ ಒಮ್ಮೆ ಮೇಷ್ಟರ ಹಾಜರಿ ಪುಸ್ತಕದ ಮೇಲೆ ಮಸಿಕುಡಿಕೆ ಉರುಳಿತು. ಉರುಳಿಸಿದವನು ನನ್ನ ಗೆಳೆಯ, ಎದ್ದುನಿಂತು ನಾನೇ ಎಂದು ಹೇಳಿ ಏಟು ತಿಂದವನು ನಾನು ಎಂದು ಬಹುಕಾಲ ನಂಬಿಕೊಂಡಿದ್ದೆ. ನನ್ನ ಮಕ್ಕಳಿಗೆ ಧೈರ್ಯದ ಪಾಠ ಹೇಳುವಾಗ ಅದನ್ನು ಬಳಸಿಯೂ ಇದ್ದೆ. ಐವತ್ತೆರಡು ವರ್ಷಗಳ ಮೇಲೆ ಸಿಕ್ಕಿದ ಆ ಗೆಳೆಯನು, ಮಾತಿನ ನಡುವೆ, ಯಾವ ಕಹಿಯೂ ಇಲ್ಲದೆ, “ಉರುಳಿಸ್ದೋನು ನೀನು ಕಣೋ, ಏಟು ತಿಂದೋನು ನಾನು, ನೀನು ತಲೆ ತಗ್ಗಿಸ್ಕೊಂಡು ಕೂತಿದ್ದೆ” ಎಂದನು. ಇಬ್ಬರಲ್ಲಿ ಯಾರ ನೆನಪು ಸರಿಯೆಂದು ತೀರ್ಮಾನಿಸಲು ಈಗ ಮೇಷ್ಟರೂ ಇಲ್ಲ, ಪುಸ್ತಕವೂ ಇಲ್ಲ. ಅವನ ಸ್ಮೃತಿಯೂ ನನ್ನದರಷ್ಟೇ ದುರ್ಬಲವಾದದ್ದು. ಆದರೆ ಅಂದಿನಿಂದ ನಾನು ಆ ಕಥೆಯನ್ನು ಹಿಂದಿನ ನಿಶ್ಚಿಂತೆಯಿಂದ ಹೇಳಲಾರದವನಾದೆ. ಅದಕ್ಕಿಂತ ಮುಖ್ಯವಾಗಿ, ತಲೆ ತಗ್ಗಿಸಿ ಕುಳಿತವನು ನಾನಾಗಿದ್ದಿರಬಹುದೆಂಬ ಸಾಧ್ಯತೆಯೊಡನೆ ಬಾಳುವುದನ್ನು ಕಲಿಯಬೇಕಾಯಿತು. ಆ ದಿನ ನನಗೆ ಸಂತೋಷವಾಗಲಿಲ್ಲ. ಅವನಿಂದ ನಾನು ಪಡೆದದ್ದರಲ್ಲಿ ಅದೇ ಅತ್ಯಂತ ಬೆಲೆಯುಳ್ಳದ್ದೆಂದು ಈಗ ತಿಳಿದಿದ್ದೇನೆ.

ಅರಿಸ್ಟಾಟಲನು ಹೆಸರಿಸದೆ ಬಿಟ್ಟ ಆ ‘ಹೆಚ್ಚಾದದ್ದು’ ಇದೇ ಎಂದು ನನ್ನ ನಿರ್ಣಯ. ಬಾಲ್ಯಮಿತ್ರನು ನಮ್ಮ ನಿಜಸ್ವರೂಪದ ಒಡೆಯನಲ್ಲ. ನಮ್ಮ ಆಯುಸ್ಸಿನ ಮೊದಲ ಭಾಗಕ್ಕೆ ಉಳಿದಿರುವ ಸಾಕ್ಷಿ. ಸಾಕ್ಷಿಯ ಬೆಲೆ ಇರುವುದು ನಾವು ಹೇಳಿದ್ದಕ್ಕೆ ಹೂಂಗುಟ್ಟುವುದರಲ್ಲಿ ಅಲ್ಲ, ಅಲ್ಲವೆನ್ನುವ ಅವನ ಸಾಮರ್ಥ್ಯದಲ್ಲಿ. ಪ್ರಚಲಿತ ಅಭಿಪ್ರಾಯವು ಅವನನ್ನು ಹೂಂಗುಟ್ಟುವುದಕ್ಕಾಗಿಯೇ ಆಮಂತ್ರಿಸುತ್ತದೆ. ಹತ್ತು ಮಂದಿ ಕೂಡಿ ಒಂದೇ ಕಥೆಯನ್ನು ಒಪ್ಪಿಕೊಂಡು ನಕ್ಕಾಗ ಆ ಕಥೆ ನಿಜವಾಗುವುದಿಲ್ಲ, ಗಟ್ಟಿಯಾಗುತ್ತದೆ, ಅಷ್ಟೆ. ನೀರಿನ ಹಂಡೆಯಿಂದ ದೂರ ನಿಂತಿದ್ದವನು ಎದ್ದು ತನ್ನ ನೆನಪನ್ನು ಹೇಳಿದರೆ ಆ ಸಭೆಯ ಸಂತೋಷ ಕೆಡಬಹುದು. ಕೆಡಲಿ. ನಮ್ಮ ಬಾಲ್ಯದಲ್ಲಿ ನಡೆದದ್ದೇನೆಂದು ತಿಳಿಯುವುದಕ್ಕೆ ಅವನೊಬ್ಬನಿಂದ ಆಗುವ ಸಹಾಯ ಉಳಿದ ಒಂಬತ್ತು ಮಂದಿಯಿಂದ ಆಗದು.

ನಮ್ಮ ಪುರಾಣೇತಿಹಾಸಗಳಲ್ಲಿ ಬಾಲ್ಯಮಿತ್ರರು ಮರಳಿ ಕೂಡಿದ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಅವುಗಳನ್ನು ಸಾಮಾನ್ಯವಾಗಿ ಕೆಟ್ಟ ಗೆಳೆಯ, ಒಳ್ಳೆಯ ಗೆಳೆಯ ಎಂಬ ಭೇದಕ್ಕೆ ಉದಾಹರಿಸುತ್ತೇವೆ. ಅದರಿಂದ ಅವುಗಳ ಸೂಕ್ಷ್ಮ ಮರೆಯಾಗುತ್ತದೆ. ಮಹಾಭಾರತದ ಆದಿಪರ್ವದಲ್ಲಿಯೂ, ಅದನ್ನನುಸರಿಸಿ 941ರಲ್ಲಿ ಪಂಪನು ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿಯೂ ಬರುವ ದ್ರೋಣ ದ್ರುಪದರ ವೃತ್ತಾಂತದಲ್ಲಿ, ಬಡತನಕ್ಕೊಳಗಾದ ದ್ರೋಣನು ಜೊತೆಯಲ್ಲಿ ಓದಿದ ನಂಟನ್ನು ಹಿಡಿದು ದ್ರುಪದನ ಆಸ್ಥಾನಕ್ಕೆ ಹೋಗುತ್ತಾನೆ; ದ್ರುಪದನು ಅದನ್ನು ಗುರುತಿಸಲೊಲ್ಲದೆ ಅವಮಾನಿಸುತ್ತಾನೆ. ದ್ರುಪದನ ತಪ್ಪು ಎಲ್ಲರಿಗೂ ಕಾಣುತ್ತದೆ. ದ್ರೋಣನ ತಪ್ಪನ್ನು ನಾವು ಗಮನಿಸುವುದಿಲ್ಲ: ಅವನು ಬಾಲ್ಯದ ಮಾತನ್ನು ಅವಧಿ ಮೀರದ ಸಾಲಪತ್ರದಂತೆ ಒಯ್ದನು. ಒಬ್ಬನು ಪತ್ರ ಸಲ್ಲುತ್ತದೆಂದನು, ಇನ್ನೊಬ್ಬನು ಸಲ್ಲದೆಂದನು. ಸ್ನೇಹವು ಪತ್ರವೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮುಂದೆ ಅರ್ಜುನನಿಂದ ದ್ರುಪದನನ್ನು ಹಿಡಿತರಿಸಿ, ಪಾಂಚಾಲದ ಅರ್ಧವನ್ನು ಕಿತ್ತುಕೊಂಡು, ಈಗ ನಾವು ಸಮಾನರು, ಆದ್ದರಿಂದ ಮಿತ್ರರು ಎಂದು ದ್ರೋಣನು ವಸೂಲಿಯನ್ನು ಮುಗಿಸಿದನು. ಆ ಲೆಕ್ಕ ಚುಕ್ತವಾದದ್ದು ಕುರುಕ್ಷೇತ್ರದ ಹದಿನೈದನೆಯ ದಿನ, ದ್ರುಪದನು ದ್ರೋಣನಿಂದಲೂ ದ್ರೋಣನು ದ್ರುಪದನ ಮಗನಿಂದಲೂ ಹತರಾದಾಗ.

ಕುಚೇಲನ ಪ್ರಸಂಗದಲ್ಲಿ ಜನ ನೆನಪಿಟ್ಟುಕೊಂಡಿರುವುದು ಅವಲಕ್ಕಿಯನ್ನು. ಆದರೆ ಭಾಗವತದ ದಶಮಸ್ಕಂಧದ 80ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದವರಿಗೆ ಬೇರೊಂದು ವಿಶೇಷ ಕಾಣುತ್ತದೆ. ಇಬ್ಬರೂ ಕೈಕೈ ಹಿಡಿದು ಕುಳಿತ ಮೇಲೆ ಕೃಷ್ಣನ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆ ಸಾಂದೀಪನಿಯ ಆಶ್ರಮವನ್ನು ಕುರಿತದ್ದಲ್ಲ: ಗುರುಕುಲದಿಂದ ಹಿಂದಿರುಗಿದ ಮೇಲೆ ನಿನಗೆ ತಕ್ಕ ಹೆಂಡತಿ ದೊರೆತಳೆ ಎಂಬುದು. ಅಂದರೆ, ತಾನು ಕಾಣದಿದ್ದ ವರ್ಷಗಳ ಸಮಾಚಾರ. ಕಟ್ಟಿಗೆ ತರಲು ಹೋಗಿ ಬಿರುಗಾಳಿ ಮಳೆಗೆ ಸಿಕ್ಕಿ ಕಾಡಿನಲ್ಲಿ ಕಳೆದ ಆ ರಾತ್ರಿಯ ಸ್ಮರಣೆ ಅದರ ಅನಂತರ ಬರುತ್ತದೆ. ಈ ಕ್ರಮದಲ್ಲಿ ಒಂದು ವಿವೇಕವಿದೆ. ಕಂಡ ನಾಲ್ಕು ವರ್ಷಗಳ ಬಲದಿಂದ ಕಾಣದ ನಲವತ್ತು ವರ್ಷಗಳನ್ನು ಬಲ್ಲೆನೆಂದುಕೊಳ್ಳದೆ ಅವನ್ನು ಕೇಳಿ ತಿಳಿಯುವವನು ಮಾತ್ರ ಹಳೆಯ ನೆನಪನ್ನೆತ್ತುವ ಯೋಗ್ಯತೆಯನ್ನು ಪಡೆಯುತ್ತಾನೆ. ಅಂಥವರ ನಡುವೆ ಹುಟ್ಟುವುದು ಹೊಸ ಸ್ನೇಹ. ಹಳೆಯದರಿಂದ ಅದಕ್ಕೆ ಬರುವುದು ಪ್ರವೇಶದ ಸೌಲಭ್ಯ. ಬಾಗಿಲು ತಟ್ಟಿ, ಕುಲಗೋತ್ರ ಹೇಳಿ, ನಂಬಿಕೆ ಸಂಪಾದಿಸಬೇಕಾದ ಕೆಲಸ ಅರ್ಧ ಮುಗಿದಿರುತ್ತದೆ. ಉಳಿದರ್ಧವನ್ನು ಇಬ್ಬರು ಮುದುಕರೂ ಮಾಡಬೇಕು.

ಒಂದು ಆಕ್ಷೇಪವನ್ನು ನಾನು ಲಘುವಾಗಿ ಕಾಣುವಂತಿಲ್ಲ. ಸಂಗಾತಿಯನ್ನು ಕಳೆದುಕೊಂಡು, ಮಕ್ಕಳು ದೂರದೇಶಗಳಲ್ಲಿ ನೆಲಸಿ, ದಿನವಿಡೀ ಗೋಡೆಯನ್ನು ನೋಡುತ್ತ ಕುಳಿತವರಿಗೆ ಹಳೆಯ ಗೆಳೆಯನೊಡನೆ ನಕ್ಕ ಒಂದು ಸಂಜೆಯೇ ಔಷಧ. ಅವರ ಮುಂದೆ ಸಾಕ್ಷಿ, ಪ್ರಮಾಣ, ಪ್ರತಿವಾದಗಳೆಂಬ ಈ ಕಠಿಣ ವಿಚಾರವೇಕೆ? ಸವಿಯಾದ ಸುಳ್ಳು ಒಂದಿದ್ದರೆ ಇರಲಿ ಎನ್ನುವವರ ಕರುಣೆಯನ್ನು ಗೌರವಿಸುತ್ತೇನೆ. ಆದರೆ ಅದರೊಳಗೆ ವೃದ್ಧರನ್ನು ಕುರಿತ ಒಂದು ಅವಜ್ಞೆ ಅಡಗಿದೆ. ಅವರಿಗೆ ಇನ್ನು ಸಂತೈಕೆ ಸಾಕು, ತಿಳಿವಳಿಕೆ ಬೇಡ ಎಂದಂತೆ. ಎಂಬತ್ತರಲ್ಲಿಯೂ ಮನುಷ್ಯನಿಗೆ ತನ್ನ ಬಾಳು ಏನಾಗಿತ್ತೆಂದು ತಿಳಿಯುವ ಹಂಬಲವಿರುತ್ತದೆ; ಆಗಲೇ ಅದು ಹೆಚ್ಚು. ಇದಲ್ಲದೆ, ಎದುರು ಮಾತನಾಡುವ ಗೆಳೆಯನಿಂದ ದೊರೆಯುವ ಸಂತೈಕೆ ಹೂಂಗುಟ್ಟುವವನಿಂದ ದೊರೆಯುವುದಕ್ಕಿಂತ ದೀರ್ಘಕಾಲ ನಿಲ್ಲುತ್ತದೆ, ಏಕೆಂದರೆ ನಾಲ್ಕನೆಯ ಭೇಟಿಗೂ ಅವನ ಬಳಿ ಮಾತಿರುತ್ತದೆ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಊರುಗಳು ಮನೆ, ಗದ್ದೆ, ತೋಟ, ದೇವಸ್ಥಾನಗಳೊಡನೆ ನೀರಿನಲ್ಲಿ ಮುಳುಗಿದವು; ಅಲ್ಲಿಯ ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆಗಳಿಗೆ ಹಂಚಿಹೋದವು. ಅಂದು ಹತ್ತು ಹನ್ನೆರಡು ವರ್ಷದವರಾಗಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ಬೇರೆಯವರು ಪುನರ್ಮಿಲನಕ್ಕೆ ಹಳೆಯ ಶಾಲೆಯ ಅಂಗಳಕ್ಕೆ ಹೋಗಬಹುದು. ನೆನಪು ತಪ್ಪಿದ್ದರೆ ಗೋಡೆಯಾದರೂ ತಿದ್ದುತ್ತದೆ. ಇವರಿಗೆ ಅಂಗಳವಿಲ್ಲ. ಇಂಥ ಇಬ್ಬರು ಹಿನ್ನೀರಿನ ದಡದಲ್ಲಿ ಕೂಡಿದರೆಂದು ಭಾವಿಸೋಣ. ಅಶ್ವತ್ಥದ ಕಟ್ಟೆ ಶಾಲೆಯ ಎಡಕ್ಕಿತ್ತೆಂದು ಒಬ್ಬರು, ಬಲಕ್ಕೆಂದು ಇನ್ನೊಬ್ಬರು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ, ಅದೇ ನೀರಿನಲ್ಲಿ ಮುಳುಗಿರುವ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅದನ್ನು ಗುರುತಾಗಿಟ್ಟುಕೊಂಡು ಅವರು ಮತ್ತೊಮ್ಮೆ ದಿಕ್ಕನ್ನು ಎಣಿಸಬಹುದು, ಮತ್ತೊಮ್ಮೆ ಒಪ್ಪದೆ ಹೋಗಬಹುದು. ಇಬ್ಬರಲ್ಲಿ ಒಬ್ಬರು ಇಲ್ಲವಾದ ಮೇಲೆ, ಉಳಿದವರು ಎಡವೆಂದರೆ ಎಡ, ಬಲವೆಂದರೆ ಬಲ.